ಗಾಲಿಯ ಮನೆಯೂ ಮಾತಿನ ಗಿಳಿಯೂ

ಶಂಕರಾಚಾರ್ಯರ ದಿಗ್ವಿಜಯವನ್ನು ವರ್ಣಿಸುವ ಮಾಧವೀಯ ಗ್ರಂಥದಲ್ಲಿ ಒಂದು ಸೊಗಸಾದ ಪ್ರಸಂಗವುಂಟು. ಮನೆಮಾರುಗಳನ್ನು ತೊರೆದ ತರುಣ ಸಂನ್ಯಾಸಿಯು, ಕರ್ಮಮಾರ್ಗದ ಧುರೀಣನಾದ ಮಂಡನಮಿಶ್ರನನ್ನು ವಾದದಲ್ಲಿ ಎದುರಿಸಬೇಕೆಂದು ಮಾಹಿಷ್ಮತೀ ನಗರಕ್ಕೆ ಬಂದು, ನೀರಿಗೆ ಹೊರಟಿದ್ದ ದಾಸಿಯರನ್ನು ಆ ಪಂಡಿತನ ಮನೆ ಯಾವುದೆಂದು ಕೇಳಲು, ಅವರು ಬೀದಿಯನ್ನಾಗಲಿ ದಿಕ್ಕನ್ನಾಗಲಿ ಹೇಳದೆ, ಯಾವ ಮನೆಯ ಬಾಗಿಲಿನಲ್ಲಿ ಸೆರೆಯಿರುವ ಹೆಣ್ಣುಗಿಳಿಗಳು ವೇದವು ಸ್ವತಃಪ್ರಮಾಣವೋ ಪರತಃಪ್ರಮಾಣವೋ, ಜಗತ್ತು ಧ್ರುವವೋ ಅಧ್ರುವವೋ ಎಂದು ತಮ್ಮೊಳಗೆ ನುಡಿಯುತ್ತಿರುವುವೋ ಅದೇ ಮಂಡನನ ಮನೆಯೆಂದು ತಿಳಿಸಿದರಂತೆ. ಮಂಡನನ ಪಾಂಡಿತ್ಯವು ಹಕ್ಕಿಗಳಿಗೂ ಅಂಟಿತ್ತೆಂದು ಹೊಗಳುವುದು ಕವಿಯ ಉದ್ದೇಶವಾಗಿದ್ದೀತು. ಆದರೆ ಆ ಹೊಗಳಿಕೆಯ ಕೆಳಗೆ ಇನ್ನೊಂದು ಸಂಗತಿಯೂ ಅಡಗಿದೆ. ಗಿಳಿಯು ಅಲ್ಲಿ ಮನೆಯ ಗುರುತು. ಕೇಳಿದವನಿಗೆ ಮನೆಯಿಲ್ಲ, ಆದ್ದರಿಂದ ಗಿಳಿಯೂ ಇಲ್ಲ; ಹೇಳಿಸಿಕೊಂಡವನಿಗೆ ಮನೆಯುಂಟು, ಅಗ್ನಿಯುಂಟು, ಪತ್ನಿಯುಂಟು, ಆದ್ದರಿಂದ ಬಾಗಿಲಿನಲ್ಲಿ ಪಂಜರವೂ ಉಂಟು. ವಾದದಲ್ಲಿ ಸೋತ ಮಂಡನನು ಸಂನ್ಯಾಸವನ್ನು ಸ್ವೀಕರಿಸಿ ಸುರೇಶ್ವರಾಚಾರ್ಯರೆನಿಸಿದನೆಂದು ಸಂಪ್ರದಾಯವು ಹೇಳುತ್ತದೆ. ಅನಂತರ ಆ ಗಿಳಿಗಳ ಗತಿಯೇನಾಯಿತೆಂದು ವಿಚಾರಿಸಿದವರನ್ನು ನಾನು ಕಂಡಿಲ್ಲ.

ಸಂನ್ಯಾಸಿಯ ದಾರಿಯನ್ನೂ ಗೃಹಸ್ಥನ ಗಿಳಿಯನ್ನೂ ಏಕಕಾಲದಲ್ಲಿ ತನ್ನವನ್ನಾಗಿಸಿಕೊಳ್ಳಬಹುದೆಂದು ನಮ್ಮ ಕಾಲದ ಮನುಷ್ಯನು ಎಣಿಸಿದ್ದಾನೆ. ಮೋಟಾರುಬಂಡಿಯೊಂದರ ಒಡಲಿನಲ್ಲಿಯೇ ಹಾಸಿಗೆ, ಒಲೆ, ನೀರಿನ ತೊಟ್ಟಿ, ತಣ್ಣೀರಿನ ಪೆಟ್ಟಿಗೆ, ಶೌಚಗೃಹ ಇಷ್ಟನ್ನೂ ಅಳವಡಿಸಿ, ಕಿಟಕಿಯ ಪಕ್ಕದಲ್ಲಿ ಪಂಜರವನ್ನು ತೂಗುಹಾಕಿ, ವಾಚಾಳಿಯಾದ ಗಿಳಿಯೊಂದನ್ನು ಜೊತೆಗಿಟ್ಟುಕೊಂಡು, ಮನಸ್ಸು ಬಂದಲ್ಲಿ ನಿಂತು ಮನಸ್ಸು ಬೇಸತ್ತಲ್ಲಿ ಹೊರಡುವ ಜನರು ಅಮೆರಿಕ ಯೂರೋಪುಗಳಲ್ಲಿ ಬಹಳ ಕಾಲದಿಂದ ಇದ್ದಾರೆ. ಕ್ಯಾರವಾನ್ ಎಂಬ ಹೆಸರಿನಿಂದ ಆ ಬಂಡಿಗಳು ಈಚೆಗೆ ನಮ್ಮ ಹೆದ್ದಾರಿಗಳಲ್ಲಿಯೂ ಕಾಣಬರುತ್ತಿವೆ. ವಿಹಾರವೆಂದರೆ ನನ್ನ ಆಕ್ಷೇಪಣೆಯಿಲ್ಲ. ಆದರೆ ಹಾಗೆ ಹೊರಟವರು ತಮ್ಮ ಸಂಚಾರವನ್ನು ಬಣ್ಣಿಸುವಾಗ ವಿರಕ್ತರ ಶಬ್ದಕೋಶದಿಂದಲೇ ಮಾತುಗಳನ್ನು ಎರವಲು ತರುತ್ತಾರೆ: ಬಂಧನ ಕಳಚಿತು, ಮನೆಯ ಮೋಹ ಹರಿಯಿತು, ಭೂಮಿಯೇ ನಮ್ಮ ಮನೆಯಾಯಿತು, ಎಂದು. ಈ ಎರವಲು ನ್ಯಾಯವಾದುದೇ ಎಂಬುದು ವಿಚಾರಾರ್ಹವಾದ ಪ್ರಶ್ನೆ. ಮನೆಯೇ ಜೊತೆಯಲ್ಲಿ ಬರುತ್ತಿರುವಾಗ ಮನೆಯನ್ನು ಬಿಟ್ಟವನು ಯಾರು?

ಗೀತೆಯ ಹನ್ನೆರಡನೆಯ ಅಧ್ಯಾಯವು ಭಗವಂತನಿಗೆ ಪ್ರಿಯನಾದವನ ಲಕ್ಷಣಗಳನ್ನು ಎಣಿಸುವಾಗ ಅವನನ್ನು ಅನಿಕೇತನೆಂದು ಕರೆದು, ಒಡನೆಯೇ ಸ್ಥಿರಮತಿಯೆಂದೂ ಕರೆಯುತ್ತದೆ. ನೆಲೆ ತಪ್ಪಬೇಕಾದುದು ದೇಹಕ್ಕೆ, ನೆಲೆ ಸಿಕ್ಕಬೇಕಾದುದು ಬುದ್ಧಿಗೆ. ಮಹಾವೀರನು ಮಳೆಗಾಲವನ್ನುಳಿದು ಹಳ್ಳಿಯಲ್ಲಿ ಒಂದು ರಾತ್ರಿ, ಪಟ್ಟಣದಲ್ಲಿ ಐದು ರಾತ್ರಿಗಳಿಗಿಂತ ಹೆಚ್ಚು ನಿಲ್ಲುತ್ತಿರಲಿಲ್ಲವೆಂದು ಜೈನರ ಕಲ್ಪಸೂತ್ರವು ಹೇಳುತ್ತದೆ. ಹನ್ನೆರಡನೆಯ ಶತಮಾನದ ಶರಣರು ಸ್ಥಾವರಕ್ಕಿಂತ ಜಂಗಮವನ್ನು ಮೇಲಿಟ್ಟರು. ಆದರೆ ಇವರೆಲ್ಲರ ಚಲನೆಯ ಹಿಂದೆ ಒಂದು ನಷ್ಟವಿದೆ. ಊರು ಬಿಟ್ಟಾಗ ಊರಿನ ಅನ್ನವೂ ಬಿಡುತ್ತಿತ್ತು. ಮುಂದಿನ ಊರಿನಲ್ಲಿ ಯಾರು ಇಕ್ಕುವರೋ ತಿಳಿಯದು. ಈ ತಿಳಿಯದಿರುವಿಕೆಯೇ ಅವರ ತಪಸ್ಸು. ನಡೆಯುವ ಕಾಲು ಕೇವಲ ಅದರ ಉಪಕರಣ. ಗಾಲಿಯ ಮನೆಯ ಯಾತ್ರಿಕನು ಕಾಲನ್ನು ಗಾಲಿಗೆ ಒಪ್ಪಿಸಿದ್ದು ದೊಡ್ಡ ಮಾತಲ್ಲ. ತಿಳಿಯದಿರುವಿಕೆಯನ್ನು ಆಹಾರದ ಡಬ್ಬಿಗಳಿಂದ ತುಂಬಿಸಿಬಿಟ್ಟದ್ದು ದೊಡ್ಡ ಮಾತು.

ಅಂಥದೊಂದು ಬಂಡಿಯು ರಾಯದುರ್ಗ ಸೀಮೆಯ ಕಣೇಕಲ್ಲಿಗೆ ಬಂದು, ತುಂಗಭದ್ರೆಯ ನೀರನ್ನು ತರುವ ಮೇಲ್ಮಟ್ಟದ ಕಾಲುವೆಯ (ಎಚ್.ಎಲ್.ಸಿ.) ಏರಿಯ ಮೇಲೆ ನಿಂತಿತೆನ್ನಿ. ಕಣೇಕಲ್ಲು ಚಲನೆಯ ವಿಷಯದಲ್ಲಿ ಅನನುಭವಿಯಾದ ಊರಲ್ಲ. ಮದರಾಸು ಆಧಿಪತ್ಯದ ಬಳ್ಳಾರಿ ಜಿಲ್ಲೆಗೆ ಸೇರಿದ್ದ ರಾಯದುರ್ಗದ ತಾಲ್ಲೂಕು 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯಕ್ಕೆ ಹೋಯಿತು, ಬಳ್ಳಾರಿಯು ಮೈಸೂರಿಗೆ ಬಂದಿತು. ಮನೆಗಳು ನಿಂತಲ್ಲಿಯೇ ನಿಂತಿದ್ದರೂ ನಾಡು ಅವುಗಳ ಕೆಳಗೆ ಸರಿದುಹೋಯಿತು. ಮನೆಯೊಳಗೆ ಕನ್ನಡ, ಕಚೇರಿಯಲ್ಲಿ ತೆಲುಗು, ಸಂತೆಯಲ್ಲಿ ಎರಡೂ ಬೆರೆತ ಮಾತು ಎಂಬುದು ಅಲ್ಲಿನವರಿಗೆ ಅಂದಿನಿಂದ ರೂಢಿ. ನೆಲವೂ ಅಲ್ಲಿ ಸುಮ್ಮನಿರುವುದಿಲ್ಲ: ಹಗರಿಯ ಪಾತ್ರದ ಮರಳು ಗಾಳಿಗೆ ಎದ್ದು ಕಣೇಕಲ್ಲು ಬೊಮ್ಮನಹಾಳುಗಳ ಹೊಲಗಳ ಮೇಲೆ ದಿಬ್ಬದಿಬ್ಬವಾಗಿ ಕೂರುವುದು ಶತಮಾನದಿಂದ ಬಂದ ಕಷ್ಟ.

ಚಲಿಸುವ ಮನೆಯಂತೂ ಆ ಸೀಮೆಗೆ ಹೊಸದೇ ಅಲ್ಲ. ಮಳೆ ಕಡಿಮೆಯಾದ ಮೇಲ್ಸೀಮೆಯ ಕುರುಬರು, ಸುಗ್ಗಿ ತೀರಿದೊಡನೆ, ಹೆಂಡಿರುಮಕ್ಕಳು, ಕಂಬಳಿ, ಪಾತ್ರೆ, ನಾಯಿ, ಈಗಷ್ಟೆ ಈಯ್ದ ಮರಿ ಎಲ್ಲವನ್ನೂ ಕಟ್ಟಿಕೊಂಡು ನೀರಾವರಿಯ ಊರುಗಳತ್ತ ಇಳಿಯುತ್ತಾರೆ. ಮನೆ ಅವರ ಜೊತೆಯಲ್ಲಿಯೂ ಬರುತ್ತದೆ. ಆದರೆ ಅವರು ಯಾರ ಹೊಲದಲ್ಲಿ ಕುರಿ ತರುಬುತ್ತಾರೋ ಆ ರೈತನೊಡನೆ ಒಂದು ಸಂಬಂಧಕ್ಕೆ ಬೀಳುತ್ತಾರೆ: ಇವರ ಮಂದೆಯ ಗೊಬ್ಬರ ಅವನ ನೆಲಕ್ಕೆ, ಅವನ ಕಾಳು ಇವರ ಒಲೆಗೆ. ಚೌಕಾಸಿಯಾಗುತ್ತದೆ, ಜಗಳವೂ ಆದೀತು. ಮರುವರ್ಷ ಮತ್ತೆ ಅದೇ ಹೊಲಕ್ಕೆ ಬರುತ್ತಾರೆ. ಕಾಲುವೆಯ ಏರಿಯ ಮೇಲೆ ನಿಂತ ನಮ್ಮ ಯಾತ್ರಿಕನಿಗೆ ಇದಾವುದೂ ಬೇಕಾಗಿಲ್ಲ. ಅವನು ಊರಿನ ಅತಿಥಿಯಲ್ಲ, ಏಕೆಂದರೆ ಅವನ ಒಲೆ ಅವನಲ್ಲಿಯೇ ಇದೆ. ಊರಿಗೆ ಆತಿಥೇಯನೂ ಅಲ್ಲ, ಏಕೆಂದರೆ ನಾಳೆ ಅಲ್ಲಿರದ ಬಾಗಿಲನ್ನು ತಟ್ಟುವವರಿಲ್ಲ. ಗೃಹಸ್ಥನಿಗೆ ವಿಧಿಸಿದ ಐದು ಮಹಾಯಜ್ಞಗಳಲ್ಲಿ ಮನುಷ್ಯಯಜ್ಞವೆಂಬ ಅತಿಥಿಸತ್ಕಾರವು ಈ ಉಪಾಯದಿಂದ ಸದ್ದಿಲ್ಲದೆ ಲೋಪವಾಗುತ್ತದೆ. ಭಿಕ್ಷುವಿನ ದೈನ್ಯವೂ ಇಲ್ಲ, ಗೃಹಸ್ಥನ ಋಣವೂ ಇಲ್ಲ. ಎರಡು ಆಶ್ರಮಗಳ ಸುಖವನ್ನು ಆಯ್ದು ಎರಡರ ಭಾರವನ್ನೂ ಇಳಿಸಿಟ್ಟ ಐದನೆಯ ಆಶ್ರಮವಿದು. ಸ್ಮೃತಿಕಾರರಿಗೆ ಇದು ಹೊಳೆಯದೆ ಹೋಯಿತೆಂದು ನನಗೆ ತೋರುವುದಿಲ್ಲ. ಹೊಳೆದೂ ಅವರು ನಕ್ಕು ಬಿಟ್ಟಿರಬೇಕು.

ಆ ಬಂಡಿಯೊಳಗೆ ಹೊರಗಿನವರೊಡನೆ ತಾನಾಗಿ ಮಾತಿಗೆ ಇಳಿಯುವ ಜೀವಿಯೆಂದರೆ ಗಿಳಿಯೊಂದೇ. ಏರಿಯ ಮೇಲೆ ಹೋಗುವ ಹುಡುಗರು ಕಿಟಕಿಯ ಬಳಿ ಗುಂಪುಗೂಡುವುದು ಯಜಮಾನನನ್ನು ನೋಡಲಿಕ್ಕಲ್ಲ. ಒಬ್ಬನು ಕನ್ನಡದಲ್ಲಿ ಊಟವಾಯಿತೇ ಎಂದು ಕೇಳುವನು, ಇನ್ನೊಬ್ಬನು ತೆಲುಗಿನಲ್ಲಿ ಹೆಸರು ಕೇಳುವನು; ಹಕ್ಕಿಯು ಕತ್ತನ್ನು ಓರೆಮಾಡಿ, ಕಣ್ಣಿನ ಪಾಪೆಯನ್ನು ಕಿರಿದುಹಿರಿದು ಮಾಡಿ, ಸ್ವಲ್ಪ ಹೊತ್ತು ಕೇಳಿಸಿಕೊಂಡು, ಎರಡರಲ್ಲಿಯೂ ತನಗೆ ರುಚಿಸಿದ ಸ್ವರವನ್ನು ಆರಿಸಿ ಹಿಂದಿರುಗಿಸುವುದು. ಅರ್ಥವರಿಯದ ಓದನ್ನು ಶುಕಪಾಠವೆಂದು ಹಳಿಯುವ ಪಂಡಿತರು ಈ ಹಕ್ಕಿಗೆ ನ್ಯಾಯ ಮಾಡಿಲ್ಲವೆಂದೇ ನನ್ನ ಮತ. ವೇದಮಂತ್ರಗಳಿಗೆ ಅರ್ಥವೇ ಇಲ್ಲವೆಂದು ಕೌತ್ಸನು ವಾದಿಸಿದಾಗ ಯಾಸ್ಕನು ನಿರುಕ್ತದಲ್ಲಿ ಉತ್ತರ ಕೊಟ್ಟು, ವೇದವನ್ನು ಕಲಿತೂ ಅದರ ಅರ್ಥವನ್ನು ಅರಿಯದವನು ಹೊರೆ ಹೊತ್ತ ಕಂಬವೆಂದು ಹೇಳಿದನಷ್ಟೆ. ಅಲ್ಲಿ ದೂಷಿತನಾದವನು ಮನುಷ್ಯನು. ಗಿಳಿಯು ವೇದವನ್ನು ಕಲಿಯುವೆನೆಂದು ಯಾರ ಬಳಿಯೂ ಹೋಗಿರಲಿಲ್ಲ.

ಹಾಗಾದರೆ ಅದು ಏತಕ್ಕಾಗಿ ನುಡಿಯುತ್ತದೆ? ಪರ್ಷಿಯದ ದೊರೆಯ ಆಸ್ಥಾನದಲ್ಲಿ ವೈದ್ಯನಾಗಿದ್ದ ಗ್ರೀಕನಾದ ಕ್ತೇಸಿಯಸ್ ಎಂಬವನು, ಕ್ರಿಸ್ತನಿಗೆ ಸುಮಾರು ನಾಲ್ಕುನೂರು ವರ್ಷಗಳ ಹಿಂದೆ, ಭಾರತದ ಹಕ್ಕಿಯೊಂದು ಭಾರತದ ಭಾಷೆಯನ್ನಾಡುವುದೆಂದೂ ಗ್ರೀಕನ್ನು ಕಲಿಸಿದರೆ ಗ್ರೀಕನ್ನೂ ಆಡುವುದೆಂದೂ ಬೆರಗಾಗಿ ಬರೆದಿಟ್ಟನು. ತುಟಿಯಿಲ್ಲದ ಈ ಪ್ರಾಣಿಯು ಎದೆಗೂಡಿನೊಳಗೆ ಶ್ವಾಸನಾಳವು ಕವಲೊಡೆಯುವಲ್ಲಿರುವ ಅಂಗವೊಂದರಿಂದ ಧ್ವನಿಯನ್ನು ಹೊರಡಿಸಿ, ದಪ್ಪನೆಯ ನಾಲಗೆಯಿಂದ ಅದನ್ನು ತಿದ್ದುತ್ತದೆ ಎಂಬುದನ್ನು ಶಾರೀರಶಾಸ್ತ್ರವು ತೋರಿಸಿತು. ಏತಕ್ಕೆಂಬುದನ್ನು ತೋರಿಸಿದುದು ಕಾಡಿನ ಗಿಳಿಗಳ ಅಧ್ಯಯನ. ವೆನೆಜುವೆಲಾ ದೇಶದ ಪುಟ್ಟ ಹಸಿರುಗಿಳಿಗಳ ಗೂಡುಗಳಲ್ಲಿ, ತಂದೆತಾಯಿಗಳು ಒಂದೊಂದು ಮರಿಗೂ ಒಂದೊಂದು ಪ್ರತ್ಯೇಕವಾದ ಕೂಗನ್ನು ಕಲಿಸುವುವೆಂದೂ, ಮೊಟ್ಟೆಗಳನ್ನು ಅದಲುಬದಲು ಮಾಡಿಟ್ಟರೆ ಮರಿಗಳು ಹೆತ್ತವರ ಕೂಗನ್ನಲ್ಲ, ಸಾಕಿದವರ ಕೂಗನ್ನೇ ತಮ್ಮದೆಂದು ಧರಿಸುವುವೆಂದೂ 2011ರಲ್ಲಿ ಪ್ರಕಟವಾದ ಸಂಶೋಧನೆಯಿಂದ ತಿಳಿದುಬಂದಿತು. ಅಂದರೆ ಅನುಕರಣವು ಗಿಳಿಯ ಕುಲಧರ್ಮ; ನಾನು ನಿಮ್ಮವನು, ನನ್ನನ್ನು ಬಿಟ್ಟುಹೋಗಬೇಡಿರಿ ಎಂಬ ಅಭಿಪ್ರಾಯವು ಅದರ ಎಲ್ಲ ನುಡಿಗಳ ಹಿಂದೆಯೂ ಇರುವಂತಿದೆ. ತನ್ನ ಹಿಂಡಿನಿಂದ ಕಿತ್ತು ತಂದ ಹಕ್ಕಿಯು ಮನುಷ್ಯನ ಮಾತನ್ನು ಕಲಿಯುವುದು, ಬೇರೆ ಹಿಂಡು ಅದಕ್ಕೆ ಉಳಿದಿಲ್ಲವಾದುದರಿಂದ.

ಐರೀನ್ ಪೆಪ್ಪರ್‌ಬರ್ಗ್ ಎಂಬ ವಿದುಷಿಯು 1977ರಲ್ಲಿ ಅಂಗಡಿಯಿಂದ ಕೊಂಡು ತಂದ ಅಲೆಕ್ಸ್ ಎಂಬ ಆಫ್ರಿಕದ ಬೂದುಗಿಳಿಯು, 2007ರಲ್ಲಿ ಸಾಯುವ ವೇಳೆಗೆ, ಸುಮಾರು ಐವತ್ತು ವಸ್ತುಗಳನ್ನು ಹೆಸರಿಟ್ಟು ಗುರುತಿಸುತ್ತಿತ್ತು, ಏಳು ಬಣ್ಣಗಳನ್ನೂ ಐದು ಆಕಾರಗಳನ್ನೂ ಬಲ್ಲುದಾಗಿತ್ತು, ಆರರವರೆಗೆ ಎಣಿಸುತ್ತಿತ್ತು. ಗಿಳಿಗೆ ಏನೂ ತಿಳಿಯದೆಂಬ ನಮ್ಮ ಭರವಸೆಯು ಇದರಿಂದ ಶಿಥಿಲವಾಯಿತು. ಅರ್ಥವೇ ಇಲ್ಲದ ಬಾಯಿಯಾಗಿದ್ದರೆ ಪಂಜರದಲ್ಲಿಟ್ಟುದಕ್ಕೆ ಪಾಪಭೀತಿ ಅಷ್ಟಾಗಿ ಬೇಕಿರಲಿಲ್ಲ. ಸ್ವಲ್ಪವಾದರೂ ಅರ್ಥವಿದ್ದರೆ, ನಾವು ಇಟ್ಟುಕೊಂಡಿರುವುದು ವಿನೋದವನ್ನಲ್ಲ, ಬಂದಿಯನ್ನು. ಮಡಕಶಿರದಾಚೆಯ ಲೇಪಾಕ್ಷಿಯಲ್ಲಿ, ಜಟಾಯುವು ರಾವಣನೊಡನೆ ಸೆಣಸಿ ಬಿದ್ದ ಸ್ಥಳವಿದೆಂದು ಜನರು ನಂಬುತ್ತಾರೆ. ನಮ್ಮ ಪುರಾಣಗಳಲ್ಲಿ ಮಾತನಾಡಿದ ಹಕ್ಕಿಗಳಲ್ಲಿ ಜಟಾಯುವೇ ಶ್ರೇಷ್ಠ. ಯಾರೂ ಕಲಿಸದ ಮಾತನ್ನು, ಆಡಲೇಬೇಕಾದ ಹೊತ್ತಿನಲ್ಲಿ ಆಡಿ, ಸತ್ತಿತು. ಅದಕ್ಕೆ ಪಂಜರವಿರಲಿಲ್ಲವೆಂಬುದನ್ನು ಬೇರೆ ಹೇಳಬೇಕಾಗಿಲ್ಲ.

ಪ್ರಾಣಿಯನ್ನು ಜೊತೆಗಿಟ್ಟುಕೊಂಡು ದಾರಿ ನಡೆದವರ ವಿಷಯದಲ್ಲಿ ನಮ್ಮ ಶಾಸ್ತ್ರಗಳು ಮೌನವಾಗಿಲ್ಲ. ಆದರೆ ಅವು ಕೊಡುವ ಎರಡು ನಿದರ್ಶನಗಳು ಒಂದಕ್ಕೊಂದು ಎದುರಾಗಿ ನಿಂತಿವೆ. ಭಾಗವತದ ಭರತರಾಜನು ರಾಜ್ಯವನ್ನೂ ಮಕ್ಕಳನ್ನೂ ತೃಣದಂತೆ ಬಿಟ್ಟು ಅರಣ್ಯಕ್ಕೆ ಹೋದವನು, ಹೊಳೆಯಲ್ಲಿ ತೇಲಿಹೋಗುತ್ತಿದ್ದ ತಬ್ಬಲಿ ಜಿಂಕೆಮರಿಯೊಂದನ್ನು ಎತ್ತಿ ಸಾಕಿ, ಅದರ ಮೋಹದಲ್ಲಿ ಜಪತಪಗಳನ್ನು ಮರೆತು, ಅದನ್ನೇ ನೆನೆಯುತ್ತ ಪ್ರಾಣ ಬಿಟ್ಟು ಜಿಂಕೆಯಾಗಿ ಹುಟ್ಟಿದನು. ಮಹಾಪ್ರಸ್ಥಾನಕ್ಕೆ ಹೊರಟ ಯುಧಿಷ್ಠಿರನಾದರೋ, ದಾರಿಯುದ್ದಕ್ಕೂ ಹಿಂಬಾಲಿಸಿದ ನಾಯಿಯನ್ನು ಬಿಟ್ಟು ರಥವೇರಬೇಕೆಂದು ಇಂದ್ರನೇ ಹೇಳಿದರೂ ಒಪ್ಪದೆ, ಸ್ವರ್ಗವನ್ನೇ ಬೇಡವೆಂದನು. ಅದು ಧರ್ಮದೇವತೆಯ ಪರೀಕ್ಷೆಯಾಗಿ ಪರಿಣಮಿಸಿತು. ಒಬ್ಬನಿಗೆ ಪ್ರಾಣಿಯ ಸಂಗವು ಪತನಕ್ಕೆ ಕಾರಣವಾಯಿತು, ಇನ್ನೊಬ್ಬನಿಗೆ ಅದೇ ಧರ್ಮದ ಒರೆಗಲ್ಲಾಯಿತು. ಮೋಹಕ್ಕೂ ಕರುಣೆಗೂ ಇರುವ ಭೇದವೇ ಇದರ ರಹಸ್ಯವೆಂದು ಪೌರಾಣಿಕರು ಸಮಾಧಾನ ಹೇಳುವುದುಂಟು. ನನಗೆ ಅಷ್ಟರಿಂದ ತೃಪ್ತಿಯಿಲ್ಲ, ಏಕೆಂದರೆ ಆ ಭೇದವು ಸಾಕುವವನ ಎದೆಯನ್ನು ಮಾತ್ರ ನೋಡುತ್ತದೆ. ಸಾಕಲ್ಪಟ್ಟದ್ದರ ಕಡೆಯಿಂದಲೂ ಒಮ್ಮೆ ನೋಡಬಾರದೇ? ಭರತನ ಜಿಂಕೆ ಮುಳುಗುತ್ತಿತ್ತು, ಎತ್ತದಿದ್ದರೆ ಸಾಯುತ್ತಿತ್ತು. ಯುಧಿಷ್ಠಿರನ ನಾಯಿ ತಾನಾಗಿ ಬಂದಿತು, ಕೊರಳಿಗೆ ಹಗ್ಗವಿರಲಿಲ್ಲ. ಗಾಲಿಯ ಮನೆಯ ಗಿಳಿಯು ಮುಳುಗುತ್ತಲೂ ಇರಲಿಲ್ಲ, ಹಿಂಬಾಲಿಸಿಯೂ ಬರಲಿಲ್ಲ. ಅದನ್ನು ಕೊಳ್ಳಲಾಯಿತು. ಕೊಂಡ ಮೇಲೆ ತೋರಿಸುವ ಪ್ರೀತಿ ಎಷ್ಟೇ ನಿರ್ಮಲವಾಗಿರಲಿ, ಅದು ಕೊಂಡುದರ ಮೇಲಣ ಪ್ರೀತಿ.

ಈ ಕ್ರಯವಿಕ್ರಯದ ಸ್ವರೂಪವನ್ನು ನೋಡಬೇಕಾದರೆ ಅಮೆರಿಕದ ಹೆದ್ದಾರಿಗೆ ಹೋಗಬೇಕಾಗಿಲ್ಲ. ನಮ್ಮ ಸಂತೆ ಜಾತ್ರೆಗಳಲ್ಲಿ ಗಿಣಿಶಾಸ್ತ್ರ ಹೇಳುವವನು ಗಾಲಿಯಿಲ್ಲದೆಯೇ ಊರೂರು ಸುತ್ತುವವನು. ಅವನ ಮನೆ ಒಂದು ಚೀಲ, ಒಂದು ಚಾಪೆ, ಒಂದು ಸಣ್ಣ ಪಂಜರ. ಕೇಳುವವನು ಹೆಸರು ಹೇಳಿ ದುಡ್ಡಿಟ್ಟೊಡನೆ ಅವನು ಪಂಜರದ ಬಾಗಿಲನ್ನು ಎತ್ತುತ್ತಾನೆ. ಹಕ್ಕಿಯು ಕುಪ್ಪಳಿಸುತ್ತ ಹೊರಬಂದು, ಸಾಲಾಗಿ ಹರಡಿದ ಎಲೆಗಳನ್ನು ಒಂದೊಂದಾಗಿ ಕೊಕ್ಕಿನಿಂದ ಎಳೆದು ಬದಿಗೊತ್ತಿ, ಒಂದನ್ನು ಕಚ್ಚಿ ಯಜಮಾನನ ಕೈಗಿಡುತ್ತದೆ. ಒಂದೇ ಒಂದು ಕಾಳನ್ನು ಪಡೆದು, ತಿರುಗಿ ತಾನಾಗಿಯೇ ಪಂಜರವನ್ನು ಹೊಗುತ್ತದೆ. ಎಲೆಯಲ್ಲಿ ವೆಂಕಟರಮಣನಿದ್ದಾನೆ, ಕಷ್ಟ ತೀರಿತು ಎಂದು ಕೇಳುವವನು ಹಿಗ್ಗುತ್ತಾನೆ. ತೆರೆದ ಬಾಗಿಲಿನ ಮುಂದೆ ಕುಳಿತೂ ಹಾರಿಹೋಗದ ಹಕ್ಕಿಯನ್ನು ಕಂಡು ಸ್ವಾಮಿಭಕ್ತಿಯೆಂದು ಮೆಚ್ಚಿದವರನ್ನು ನಾನು ಬಲ್ಲೆ. ರೆಕ್ಕೆಯ ಗರಿಗಳನ್ನು ಕತ್ತರಿಸಿರುವುದನ್ನು ಬಗ್ಗಿ ನೋಡಿದವರು ವಿರಳ. ಇನ್ನೊಬ್ಬನ ವಿಧಿಯನ್ನು ಎತ್ತಿಕೊಡಲು ಕೂರಿಸಿದ ಜೀವಿಗೆ ತನ್ನ ವಿಧಿಯಲ್ಲಿ ಒಂದು ಗೇಣಿನಷ್ಟೂ ಸ್ವಾತಂತ್ರ್ಯವಿಲ್ಲವೆಂಬ ವಿಪರ್ಯಾಸವು ಕರ್ಮಸಿದ್ಧಾಂತವನ್ನು ಬೋಧಿಸುವ ನಮ್ಮ ಉಪನ್ಯಾಸಕರ ಕಣ್ಣಿಗೆ ಬೀಳದಿರುವುದು ಆಶ್ಚರ್ಯ.

ಪ್ರೀತಿಯ ಕೊರತೆಯಿಂದ ಇದೆಲ್ಲ ನಡೆಯುತ್ತದೆಂದು ನಾನು ಹೇಳಲಾರೆ. 2022ರಲ್ಲಿ ತುಮಕೂರಿನ ಕುಟುಂಬವೊಂದರ ರುಸ್ತುಂ ಎಂಬ ಬೂದುಗಿಳಿಯು ಹಾರಿಹೋದಾಗ, ಮನೆಯವರು ಊರೆಲ್ಲ ಹುಡುಕಿ, ಹಿಡಿದುಕೊಟ್ಟವರಿಗೆ 50,000 ರೂಪಾಯಿಯ ಬಹುಮಾನವನ್ನು ಸಾರಿ, ಸಿಕ್ಕಿದಾಗ 85,000 ರೂಪಾಯಿಗಳನ್ನು ಕೊಟ್ಟರೆಂದು ಪತ್ರಿಕೆಗಳಲ್ಲಿ ಓದಿದೆವಷ್ಟೆ. ಆ ದುಃಖವು ನಟನೆಯಲ್ಲ. ಆದರೆ ಹಾರಿಹೋಯಿತೆಂಬ ಕ್ರಿಯೆಯು ಹಕ್ಕಿಯ ವಿಷಯದಲ್ಲಿ ದುರಂತವಾಗಬೇಕಾದರೆ ಅದಕ್ಕೆ ಮೊದಲು ಎಷ್ಟೋ ಸಂಗತಿಗಳು ಸೊಟ್ಟಾಗಿರಬೇಕು. ಪಂಜರದಲ್ಲಿ ಬೆಳೆದು, ಆಫ್ರಿಕದ ಅರಣ್ಯವನ್ನು ಕಾಣದೆ, ತುಮಕೂರಿನ ಆಕಾಶದಲ್ಲಿ ಬದುಕಲಾರದ ಸ್ಥಿತಿಗೆ ಬಂದ ಹಕ್ಕಿಗೆ ಹಿಂದಿರುಗುವುದೇ ಕ್ಷೇಮ ಎಂಬುದು ನಿಜ. ನಿಜವಾದುದರಿಂದಲೇ ಅದು ಕಹಿ.

ಬಂಡಿಯೊಳಗಿನ ಗಿಳಿಗೆ ಇನ್ನೂ ಕೆಲವು ವಿಶೇಷ ಸಂಕಟಗಳುಂಟು. ಬೇಸಗೆಯಲ್ಲಿ ನಲವತ್ತು ಡಿಗ್ರಿಯನ್ನು ಮೀರುವ, ಕಣೇಕಲ್ಲು ಸೇರಿರುವ ಅನಂತಪುರ ಜಿಲ್ಲೆಯ ಬಿಸಿಲಿನಲ್ಲಿ ಮುಚ್ಚಿ ನಿಲ್ಲಿಸಿದ ವಾಹನವು ಕೆಲವೇ ನಿಮಿಷಗಳಲ್ಲಿ ಬಾಣಲೆಯಾಗುತ್ತದೆ. ಒಲೆಯೂ ಪಂಜರವೂ ಒಂದೇ ಕೋಣೆಯಲ್ಲಿರುವಲ್ಲಿ, ದೋಸೆ ಅಂಟದಂತೆ ಲೇಪ ಹಚ್ಚಿದ ಕಾವಲಿಯು ಅತಿಯಾಗಿ ಕಾದರೆ, ಅದರಿಂದ ಏಳುವ ಆವಿಯು ಮನುಷ್ಯನಿಗೆ ತಿಳಿಯುವ ಮೊದಲೇ ಹಕ್ಕಿಯ ಶ್ವಾಸಕೋಶವನ್ನು ಕೆಡಿಸಿ ಅದನ್ನು ಕೊಲ್ಲುತ್ತದೆ. ಬೂದುಗಿಳಿಯ ಆಯುಸ್ಸು ನಲವತ್ತು ವರ್ಷಗಳಿಂದ ಅರವತ್ತರವರೆಗೆ. ವಾನಪ್ರಸ್ಥದ ವಯಸ್ಸಿನಲ್ಲಿ ಅದನ್ನು ಕೊಂಡವನು, ತಾನು ತೀರಿದ ಮೇಲೆ ಅದು ಯಾರ ಧ್ವನಿಯಲ್ಲಿ ಯಾರನ್ನು ಕರೆಯಬೇಕೆಂಬುದನ್ನು ಯೋಚಿಸಿರುವುದಿಲ್ಲ. ಸತ್ತವನ ಕೆಮ್ಮನ್ನೂ ನಗುವನ್ನೂ ಗಿಳಿಯು ವರ್ಷಗಟ್ಟಲೆ ಉಳಿಸಿಕೊಂಡಿರಬಲ್ಲುದು.

ಇಷ್ಟರಿಂದ ನನ್ನ ತೀರ್ಮಾನವು ಓದುಗರಿಗೆ ಗೊತ್ತಾಗಿರಬಹುದು. ಗಾಲಿಯ ಮನೆಯಲ್ಲಿ ಸುತ್ತುವವನು ಪರಿವ್ರಾಜಕನಲ್ಲ, ಗೃಹಸ್ಥನು. ಹಾಗೆ ಒಪ್ಪಿಕೊಳ್ಳುವುದರಲ್ಲಿ ಯಾವ ಅವಮಾನವೂ ಇಲ್ಲ. ತ್ಯಾಗದ ಹೆಸರನ್ನು ಅವನು ಕಳಚಿಟ್ಟು, ಗೃಹಸ್ಥನ ಋಣಗಳನ್ನು ತಲೆಯ ಮೇಲೆ ಹೊತ್ತುಕೊಂಡರೆ, ಅವನ ಸಂಚಾರವು ಶುದ್ಧವಾದೀತು: ನಿಂತ ಊರಿನಲ್ಲಿ ಒಬ್ಬರ ಮನೆಯ ಮಜ್ಜಿಗೆಯನ್ನು ಕುಡಿಯಲಿ, ಒಬ್ಬರಿಗೆ ತನ್ನ ಬಾಗಿಲು ತೆರೆದು ಕಾಫಿ ಕೊಡಲಿ. ಪ್ರಾಣಿಗಳ ವಿಷಯದಲ್ಲಿ ಗೃಹಸ್ಥನಿಗೆ ವಿಧಿಸಿರುವುದು ಭೂತಯಜ್ಞ. ಆ ಬಲಿಯನ್ನು ಇಡುವುದು ಬಾಗಿಲಿನ ಹೊರಗೆ, ನೆಲದ ಮೇಲೆ, ಕಾಗೆ ನಾಯಿ ಇರುವೆಗಳಿಗೆ, ಅಂದರೆ ತಿಂದು ತಮ್ಮ ಪಾಡಿಗೆ ಹೋಗಬಲ್ಲ ಜೀವಿಗಳಿಗೆ. ಕೊಟ್ಟವನಿಗೆ ಅವು ತಿರುಗಿ ಮಾತನಾಡುವುದಿಲ್ಲ. ಮಾತನಾಡಲಿ ಎಂದು ಇಡುವ ಅನ್ನವು ಯಜ್ಞವಲ್ಲ, ಸಂಬಳ.

ಕಣೇಕಲ್ಲಿನ ಹೊಲಗಳಲ್ಲಿ ಜೋಳದ ತೆನೆ ಹಾಲುಗಟ್ಟುವ ಕಾಲಕ್ಕೆ ಗಿಳಿಗಳ ಹಿಂಡು ತಾನಾಗಿಯೇ ಇಳಿಯುತ್ತದೆ; ರೈತನು ಕವಣೆ ಬೀಸಿ ಬಯ್ಯುತ್ತಾನೆ. ಆ ಬೈಗಳು ಹಕ್ಕಿಗೆ ಸಲ್ಲುವ ಗೌರವವೆಂದೇ ನಾನು ತಿಳಿಯುತ್ತೇನೆ. ಅವುಗಳ ಮರಿಗಳನ್ನು ಮರದ ಪೊಟರೆಯಿಂದ ತೆಗೆದು ಬುಟ್ಟಿಯಲ್ಲಿಟ್ಟು ಯಾರಾದರೂ ಸಂತೆಗೆ ತಂದರೆ ದಯವಿಟ್ಟು ಕೊಳ್ಳಬೇಡಿರಿ. ಕನಿಕರದಿಂದ ಕೊಂಡರೂ ಮುಂದಿನ ಸಂತೆಗೆ ಇನ್ನೊಂದು ಬುಟ್ಟಿ ಬರುತ್ತದೆ. ನಮ್ಮ ದೇಶದ ಗಿಳಿಯನ್ನು ಹಿಡಿಯುವುದೂ ಮಾರುವುದೂ ಮನೆಯಲ್ಲಿಟ್ಟು ಸಾಕುವುದೂ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಪ್ರಕಾರ ಅಪರಾಧ. ಈಗಾಗಲೇ ಮನೆಯಲ್ಲಿ ಇದ್ದರೆ, ರೆಕ್ಕೆ ಕತ್ತರಿಸಿದ ಹಕ್ಕಿಯನ್ನು ಪುಣ್ಯ ಬರಲೆಂದು ಹಬ್ಬದ ದಿನ ಮಾಳಿಗೆಯಿಂದ ತೂರಬೇಡಿರಿ, ಅದು ಸಂಜೆಯೊಳಗೆ ಬೆಕ್ಕಿನ ಬಾಯಿಗೆ ಹೋಗುತ್ತದೆ. ಹತ್ತಿರದ ಅರಣ್ಯ ಇಲಾಖೆಯ ಕಚೇರಿಗೆ ಒಪ್ಪಿಸಿರಿ.